ಎರಡನೇ ಪ್ರಶ್ನೆ ಬರುವ ಹಾಗೆ: ಕೋಡಿಂಗ್ ಗುಂಪು ನೋಡಿಕೊಳ್ಳುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅರಸೀಕೆರೆ ಕಡೆಯ ಡಿಪ್ಲೊಮಾ ಹುಡುಗಿಯೊಬ್ಬಳು ನಮ್ಮ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ 5ಕ್ಕೆ 5 ಕೂಡಿಸಿದರೆ 10 ಬರುವ ಬದಲು 55 ಬರುತ್ತಿದೆ, ಯಾಕೆ? ಹಾಸನದಲ್ಲೇ ಓದಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಿರಿಯನೊಬ್ಬ ಉತ್ತರ ಹಾಕಿದ: "ಮೊದ್ಲು ಬೇಸಿಕ್ಸ್ ಕಲ್ತ್ಕೊಂಡ್ ಬಾರಮ್ಮ." ಕೆಳಗೆ ಒಂದಷ್ಟು ನಗುವ ಮುಖಗಳು ಬಿದ್ದವು. ನಮ್ಮ ನಿಯಮದ ಪ್ರಕಾರ ಅಳಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಬೈಗುಳ ಇಲ್ಲ, ಜಾಹೀರಾತು ಇಲ್ಲ. ನಾನೂ ಸುಮ್ಮನಿದ್ದೆ. ಆ ಹುಡುಗಿ ಮತ್ತೆ ಅಲ್ಲಿ ಒಂದಕ್ಷರ ಬರೆಯಲಿಲ್ಲ.

(ಅಂದ ಹಾಗೆ, ಉತ್ತರ ಒಂದೇ ಸಾಲಿನದು. ಇನ್‌ಪುಟ್ ಕೊಟ್ಟಿದ್ದೆಲ್ಲ ಪೈಥಾನ್‌ಗೆ ಅಕ್ಷರವೇ. ಇಂಟ್ (int) ಅನ್ನುವ ಆಜ್ಞೆ ಹಾಕಿ ಸಂಖ್ಯೆ ಮಾಡಿಕೊಂಡರೆ 10 ಬರುತ್ತದೆ.)

ಆಮೇಲಿಂದ ನಾನು ಈ ಕೆಲಸಕ್ಕೆ ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಮೊದಲ ಪ್ರಶ್ನೆ ಕೇಳಿದವರು ಎರಡನೆಯದನ್ನೂ ಕೇಳಿದರಾ? ಎಷ್ಟು ಸ್ಪ್ಯಾಮ್ ಅಳಿಸಿದೆ, ಎಷ್ಟು ಜನ ಸೇರಿದರು ಅನ್ನುವುದೆಲ್ಲ ಇದರ ನಂತರ. ಮುಂದೆ ಬರೆದಿರುವ ಹಂತಗಳನ್ನೂ ಇದೇ ಅಳತೆಯಲ್ಲಿ ಓದಿಕೊಳ್ಳಿ.

ಹಂತ 1: ಮನೆ ಸರಿಯಾಗಿದೆಯಾ ನೋಡಿ

ನಾವು ಶುರು ಮಾಡಿದ್ದು ವಾಟ್ಸ್ಯಾಪ್‌ನಲ್ಲಿ. ಎಲ್ಲರ ಫೋನಿನಲ್ಲೂ ಇದೆ, ಕಲಿಸಬೇಕಾಗಿಲ್ಲ. ಆದರೆ ಸದಸ್ಯರ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ವಾರ ಕಳೆಯುವುದರೊಳಗೆ ಹುಡುಗಿಯರಿಗೆ "ಹಾಯ್, ಯಾವ ಕಾಲೇಜು?" ಅಂತ ಖಾಸಗಿ ಸಂದೇಶ ಶುರುವಾಯಿತು. ಅದನ್ನು ತಡೆಯಲು ನಮ್ಮ ಹತ್ತಿರ ಯಾವ ಗುಂಡಿಯೂ ಇರಲಿಲ್ಲ.

ಟೆಲಿಗ್ರಾಂಗೆ ಬಂದ ಮೇಲೆ ಅರ್ಧ ತಲೆನೋವು ಹೋಯಿತು. ಅಲ್ಲಿ ಫೋನ್ ನಂಬರ್ ಯಾರಿಗೂ ಕಾಣದ ಹಾಗೆ ಇಡಬಹುದು. ಹೊಸಬರಿಗೆ ಹಳೆಯ ಚರ್ಚೆ ತೋರಿಸಬಹುದು. ಗದ್ದಲ ಎದ್ದಾಗ ನಿಧಾನ ಮೋಡ್ ಹಾಕಿದರೆ ಒಬ್ಬರು ಗಂಟೆಗೆ ಒಂದೇ ಸಂದೇಶ ಕಳಿಸುವವರೆಗೂ ಬಿಗಿ ಮಾಡಬಹುದು. ಡಿಸ್ಕಾರ್ಡ್ ಅನ್ನುವ ಇನ್ನೊಂದು ಚಾಟ್ ಆಪ್‌ನಲ್ಲಿ ವಿಷಯಕ್ಕೊಂದು ಕೋಣೆ ಮಾಡಲು ಅನುಕೂಲ ಜಾಸ್ತಿ. ಲ್ಯಾಪ್‌ಟಾಪ್ ಇಲ್ಲದೆ ಫೋನಿನಲ್ಲೇ ಎಲ್ಲ ನೋಡುವವರಿಗೆ ಮಾತ್ರ ಅದು ಸ್ವಲ್ಪ ಗೋಜಲು. ಮಲ್ಲೇನಹಳ್ಳಿ ಕಡೆಯ ಒಬ್ಬ ಹುಡುಗ ಸಿಗ್ನಲ್‌ಗಾಗಿ ಮಹಡಿ ಹತ್ತಿ ಪ್ರಶ್ನೆ ಕಳಿಸುತ್ತಾನೆ. ಅಂಥವನ ಫೋನಿನಲ್ಲಿ ಯಾವುದು ಸಲೀಸಾಗಿ ಓಡುತ್ತದೋ ಅದನ್ನೇ ಆರಿಸಿಕೊಳ್ಳಿ.

ಸೇರುವಾಗಲೇ ನಂಬರ್ ಮರೆಮಾಡುವುದು ಹೇಗೆ ಎಂದು ಹೇಳುವ ಒಂದು ಸ್ವಾಗತ ಸಂದೇಶ ಇರಲಿ. ನಿಯಮಗಳಿಗಿಂತ ಮೊದಲು ಅದು.

ಹಂತ 2: ನಿಯಮ ಬರೆಯಿರಿ, ಒಂದು ಪರದೆಗೆ ಹಿಡಿಸುವಷ್ಟು

ನಮ್ಮ ಮೊದಲ ನಿಯಮ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಶ ಇದ್ದವು. ಬರೆದ ನಾನೇ ಎರಡನೇ ಸಲ ಓದಲಿಲ್ಲ. ಈಗ ಉಳಿದಿರುವುದು ಇಷ್ಟು:

"ಯಾವ ಪ್ರಶ್ನೆಯೂ ಸಣ್ಣದಲ್ಲ, ಯಾರನ್ನೂ ಹಂಗಿಸಬೇಡಿ. ಗುಂಪಿನಲ್ಲಿ ಕೇಳಿ, ಒಪ್ಪಿಗೆ ಇಲ್ಲದೆ ಯಾರಿಗೂ ಖಾಸಗಿ ಸಂದೇಶ ಕಳಿಸಬೇಡಿ. ನಡೆಯುತ್ತಿರುವ ಪರೀಕ್ಷೆ, ಸ್ಪರ್ಧೆ, ಕಂಪನಿ ಟೆಸ್ಟ್‌ನ ಪ್ರಶ್ನೆ ಹಾಕಬೇಡಿ. ಕೆಲಸದ ಸುದ್ದಿ ಹಾಕುವ ಮುಂಚೆ ನಡೆಸುವವರಿಗೆ ತೋರಿಸಿ. ಕದ್ದ ಕೋರ್ಸ್, ಕ್ರ್ಯಾಕ್ ಸಾಫ್ಟ್‌ವೇರ್ ಲಿಂಕ್ ಬೇಡ. ನೀವೇ ಓಡಿಸಿ ನೋಡದ ಉತ್ತರ ಕೊಡಬೇಡಿ."

ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ನಿಯಮ ಪಟ್ಟಿ ಕಂಡರೆ ಜನ ಬ್ಯಾಂಕಿನ ಅರ್ಜಿ ಕಂಡ ಹಾಗೆ ಕೆಳಗೆ ಸರಿಸಿ ಒಪ್ಪಿಗೆ ಒತ್ತುತ್ತಾರೆ. ಪ್ರಶ್ನೆ ಯಾವ ಭಾಷೆಯಲ್ಲಿ ಬಂದರೂ ಸರಿ: ಕನ್ನಡ, ಇಂಗ್ಲಿಷ್, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಇಂಗ್ಲಿಷ್ ವ್ಯಾಕರಣ ತಿದ್ದುವವರು ಒಬ್ಬರಾದರೂ ಹುಟ್ಟಿಕೊಳ್ಳುತ್ತಾರೆ. ಅವರಿಗೆ ಮೊದಲ ದಿನವೇ ಹೇಳಿಬಿಡಿ, ಇಲ್ಲಿ ತಿದ್ದುವುದು ಕೋಡ್ ಮಾತ್ರ ಅಂತ.

ತೆರೆದ ಮೂಲ (ಓಪನ್ ಸೋರ್ಸ್, ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್‌ಗಳಲ್ಲಿ ಬಹಳ ಕಡೆ ಬಳಸುವ ನಡತೆ ಸಂಹಿತೆ ಒಂದಿದೆ, ಕಾಂಟ್ರಿಬ್ಯೂಟರ್ ಕವೆನೆಂಟ್. ಕೊರಲೀನ್ ಅಡಾ ಎಮ್ಕೆ 2014ರಲ್ಲಿ ಬರೆದದ್ದು. ಅದನ್ನು ಹಾಗೇ ತಂದು ಅಂಟಿಸುವ ಆಸೆ ಆಗುತ್ತದೆ. ಬೇಡ. ಅದು ದೊಡ್ಡ ಪ್ರಾಜೆಕ್ಟ್‌ಗಳ ಅಂಗಿ, ನಮ್ಮ ಮೈಗೆ ಸಡಿಲ. ಅದರ ಒಂದು ಭಾಗ ಮಾತ್ರ ಎತ್ತಿಕೊಳ್ಳಬೇಕಾದ್ದು, ಅದನ್ನು ಹಂತ 5ರಲ್ಲಿ ಹೇಳುತ್ತೇನೆ.

ಹಂತ 3: ಕೇಳುವ ರೀತಿ ಕಲಿಸಿ

"ಸರ್, ಕೋಡ್ ವರ್ಕ್ ಆಗ್ತಿಲ್ಲ" ಅಂತ ಒಂದು ಸಾಲು, ಜೊತೆಗೆ ಲ್ಯಾಬ್ ಕಂಪ್ಯೂಟರಿನ ಪರದೆಯನ್ನು ಫೋನಿನಲ್ಲಿ ಓರೆಯಾಗಿ ಹಿಡಿದು ತೆಗೆದ ಫೋಟೋ. ಟ್ಯೂಬ್‌ಲೈಟ್ ಹೊಳಪಿನಲ್ಲಿ ಮೂರನೇ ಸಾಲು ಕಾಣುವುದಿಲ್ಲ. ತಪ್ಪು ಇರುವುದು ಆ ಸಾಲಿನಲ್ಲೇ, ಅಲ್ವಾ?

ಇಂಥದ್ದನ್ನು ಅಳಿಸಬೇಡಿ. "ನಿಯಮ ಓದಿ" ಅಂತಲೂ ಹೇಳಬೇಡಿ. ನಾವು ಹೀಗೆ ಉತ್ತರಿಸುತ್ತೇವೆ: "ನೋಡೋಣ. ಕೋಡನ್ನು ಇಲ್ಲಿ ಪಠ್ಯವಾಗಿ ಅಂಟಿಸ್ತೀರಾ? ಎರರ್‌ನ ಕೊನೆಯ ಸಾಲೂ ಬೇಕು. ಏನು ಬರಬೇಕಿತ್ತು, ಏನು ಬಂತು ಅಂತ ಹೇಳಿ." ಕೋಡಿನ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ (`) ಹಾಕಿದರೆ ಟೆಲಿಗ್ರಾಂನಲ್ಲೂ ಡಿಸ್ಕಾರ್ಡ್‌ನಲ್ಲೂ ಸಾಲಿನ ಮುಂದಿನ ಖಾಲಿ ಜಾಗ ಹಾಗೇ ಉಳಿಯುತ್ತದೆ. ಪೈಥಾನ್‌ನಲ್ಲಿ ಆ ಖಾಲಿ ಜಾಗ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಫೋನ್ ಕೀಬೋರ್ಡಿನಲ್ಲಿ ಬ್ಯಾಕ್‌ಟಿಕ್ ಎಲ್ಲಿದೆ ಎಂದು ತೋರಿಸುವ ಒಂದು ಚಿತ್ರ ಇಟ್ಟುಕೊಳ್ಳಿ. ನಾವು ಜಾಸ್ತಿ ಸಲ ಕಳಿಸಿರುವುದು ಅದನ್ನೇ.

ಸ್ವಲ್ಪ ಪಳಗಿದವರಿಗೆ ಮುಂದಿನ ಪಾಠ: ಇನ್ನೂರು ಸಾಲಿನ ಪ್ರೋಗ್ರಾಂ ಪೂರ್ತಿ ಹಾಕಬೇಡಿ, ಅದೇ ತಪ್ಪು ಮತ್ತೆ ಕಾಣಿಸುವಷ್ಟು ಚಿಕ್ಕ ತುಂಡು ಮಾಡಿ ಹಾಕಿ. ಹಾಗೆ ಕತ್ತರಿಸುತ್ತಾ ಹೋಗುವಾಗಲೇ ಎಷ್ಟೋ ಸಲ ತಪ್ಪು ಸಿಕ್ಕಿಬಿಡುತ್ತದೆ. ಆಗ ಪ್ರಶ್ನೆ ಕೇಳದೆ ಸುಮ್ಮನಾಗುತ್ತಾರೆ. ಅದನ್ನೂ ಬಂದು ಹೇಳಿ ಎಂದು ಒತ್ತಾಯ ಮಾಡಿ, ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.

ಈ ವಿಷಯದಲ್ಲಿ ದೊಡ್ಡವರೇ ಎಡವಿದ್ದಾರೆ. 2008ರಲ್ಲಿ ಶುರುವಾದ ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ, ಒಳ್ಳೆಯ ಪ್ರಶ್ನೆ ಹೇಗಿರಬೇಕು ಎಂದು ಜಗತ್ತಿಗೆ ಕಲಿಸಿತು. ಅದೇ ಬಿಗಿಯಿಂದ ಹೊಸಬರು ಅಲ್ಲಿ ಕೇಳಲು ಹೆದರುವಂತೆಯೂ ಆಯಿತು. ತಮ್ಮ ಜಾಗ ಹೊಸಬರನ್ನು ಆದರದಿಂದ ಕರೆದುಕೊಳ್ಳುತ್ತಿಲ್ಲ ಎಂದು 2018ರ ಏಪ್ರಿಲ್‌ನಲ್ಲಿ ಆ ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷ ಹೊಸಬರ ಹೆಸರಿನ ಪಕ್ಕ ಒಂದು ಗುರುತು ಬಂತು, ಉತ್ತರಿಸುವವರು ಸ್ವಲ್ಪ ಮೆತ್ತಗಿರಲಿ ಎಂದು. ನಾವೂ ಅದನ್ನು ಕದ್ದಿದ್ದೇವೆ. ಹೊಸಬರ ಮೊದಲ ಪ್ರಶ್ನೆಗೆ ನಡೆಸುವವರಲ್ಲಿ ಯಾರಾದರೂ ಒಬ್ಬರು ಒಂದು ಎಲೆಯ ಚಿಹ್ನೆ ಹಾಕುತ್ತೇವೆ. ಎಲೆ ಕಂಡರೆ ಹಳಬರಿಗೆ ಗೊತ್ತು.

ಹಂತ 4: ಏನು ತೆಗೆಯಬೇಕು, ಏನು ಬಿಡಬೇಕು

ಸ್ಪ್ಯಾಮ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕ್ರಿಪ್ಟೊ, ವಿಡಿಯೊ ಲೈಕ್ ಮಾಡಿದರೆ ದಿನಕ್ಕಿಷ್ಟು ಹಣ, ಇವೆಲ್ಲ ಕಂಡ ತಕ್ಷಣ ತೆಗೆದು ಖಾತೆಯನ್ನೂ ಹೊರಹಾಕಿ. ಯಾರಾದರೂ ಆಗಲೇ ದುಡ್ಡು ಕಳಕೊಂಡಿದ್ದರೆ ಹೊತ್ತು ಕಳೆಯದೆ 1930ಕ್ಕೆ ಕರೆ ಮಾಡಲು ಹೇಳಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇನ್‌ಟರ್ನ್‌ಶಿಪ್ ಮೋಸ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಪ್ರಮಾಣಪತ್ರ ಕೊಡುತ್ತೇವೆ, "ನೋಂದಣಿ ಶುಲ್ಕ" ಮಾತ್ರ ಕಟ್ಟಿ ಅನ್ನುತ್ತಾರೆ. ಕೊನೆಯ ವರ್ಷದವರಿಗೆ ಇನ್‌ಟರ್ನ್‌ಶಿಪ್ ಬೇಕೇಬೇಕು, ಹಾಗಾಗಿ ಬೀಳುತ್ತಾರೆ. ನಮ್ಮದು ಒಂದೇ ಪರೀಕ್ಷೆ: ಕೆಲಸ ಮಾಡುವವನೇ ದುಡ್ಡು ಕೊಡಬೇಕು ಅಂದರೆ ಆ ಸಂದೇಶ ಹೊರಗೆ. ಹಾಕಿದವನು ಗೆಳೆಯನೇ ಆಗಿರಲಿ.

ಸ್ಪರ್ಧೆಯ ಪ್ರಶ್ನೆಗಳಿಗೆ ಗಡಿಯಾರ ನೋಡಬೇಕು. ಕೋಡಿಂಗ್ ಅಭ್ಯಾಸದ ತಾಣ ಲೀಟ್‌ಕೋಡ್‌ನ ವಾರದ ಸ್ಪರ್ಧೆ ನಮ್ಮ ಭಾನುವಾರ ಬೆಳಿಗ್ಗೆ 8ರಿಂದ 9:30. ಆ ಹೊತ್ತಿನಲ್ಲಿ "ಸುಮ್ನೆ ಒಂದು ಡೌಟು" ಅಂತ ಬರುವ ಪ್ರಶ್ನೆ ಸುಮ್ನೆ ಬಂದಿರುವುದಿಲ್ಲ. ಅಳಿಸಿ, "ಒಂಬತ್ತೂವರೆ ಮೇಲೆ ಮತ್ತೆ ಹಾಕಿ, ಎಲ್ಲರೂ ಕೂತು ಬಿಡಿಸೋಣ" ಅಂತ ಬರೆಯಿರಿ. ಅಂಥವರಲ್ಲಿ ಹೆಚ್ಚಿನವರು ನಿಜವಾಗಲೂ ಮತ್ತೆ ಹಾಕುತ್ತಾರೆ. ಲ್ಯಾಬ್ ಪ್ರೋಗ್ರಾಂ ವಿಷಯ ಬೇರೆ. ಅವನ್ನು ಬಿಡಿ, ಆದರೆ ಪೂರ್ತಿ ಉತ್ತರ ಕೊಡುವ ಬದಲು ಮುಂದಿನ ಹೆಜ್ಜೆ ಹೇಳಿ. ಇದರಲ್ಲಿ ನಮ್ಮ ನಡುವೆಯೇ ಒಮ್ಮತ ಇಲ್ಲ. ಬರೆದುಕೊಟ್ಟರೂ ಏನು ನಷ್ಟ ಅನ್ನುವವರು ಇದ್ದಾರೆ.

ಅಳಿಸಿದರೆ ಸಾಲದು ಅನ್ನುವ ಒಂದು ಸಂಗತಿ ಇದೆ: ಕೋಡಿನ ಜೊತೆ ಬಂದುಬಿಡುವ ಪಾಸ್‌ವರ್ಡ್ ಮತ್ತು ಎಪಿಐ ಕೀ (ಪ್ರೋಗ್ರಾಂ ಇನ್ನೊಂದು ಸೇವೆಯನ್ನು ಬಳಸಲು ಬೇಕಾದ ಗುಟ್ಟಿನ ಕೀಲಿ). ಮೊದಲ ಕೆಲಸ ಸಂದೇಶ ತೆಗೆಯುವುದು. ಎರಡನೆಯದು, ಹಾಕಿದವರಿಗೆ ಕರೆ ಮಾಡಿಯಾದರೂ ಆ ಕೀ ರದ್ದು ಮಾಡಿಸಿ ಹೊಸದು ಪಡೆಯಲು ಹೇಳುವುದು. ನೋಡಿದವರು ನೋಡಿರುತ್ತಾರೆ. ಕೋಡ್ ಇಡುವ ತಾಣ ಗಿಟ್‌ಹಬ್‌ಗೂ ಹೋಗಿದ್ದರೆ, ಮುಂದಿನ ಕಮಿಟ್‌ನಲ್ಲಿ (ಬದಲಾವಣೆ ಉಳಿಸುವ ಹೆಜ್ಜೆಯಲ್ಲಿ) ಆ ಸಾಲು ಅಳಿಸಿ ನೆಮ್ಮದಿಯಾಗುವ ಹಾಗಿಲ್ಲ, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಕೂತಿರುತ್ತದೆ. ಇದನ್ನು ಗದರಿಸದೆ ಹೇಳಿ. ಗದರಿಸಿದರೆ ಮುಂದಿನ ಸಲ ಸೋರಿದಾಗ ಯಾರೂ ಬಾಯಿ ಬಿಡುವುದಿಲ್ಲ.

ಎಐ ಬರೆದ ಉತ್ತರಗಳು ಈಗಿನ ದೊಡ್ಡ ತಲೆನೋವು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ವಾರವೂ ಆಗಿರಲಿಲ್ಲ, ಸ್ಟ್ಯಾಕ್ ಓವರ್‌ಫ್ಲೋ ಅದರ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯಾಗಿ ಕಾಣುತ್ತವೆ, ಬಹಳ ಸಲ ತಪ್ಪಿರುತ್ತವೆ, ಪರೀಕ್ಷಿಸಲು ಪುರುಸೊತ್ತಿಲ್ಲದಷ್ಟು ರಾಶಿ ಬೀಳುತ್ತವೆ ಅನ್ನುವುದು ಕಾರಣ. ನಮ್ಮಂಥ ಸಣ್ಣ ಗುಂಪಿನಲ್ಲಿ ಪೂರ್ತಿ ನಿಷೇಧ ಹಾಕಿದರೆ ಜನ ಕದ್ದು ಹಾಕುತ್ತಾರೆ, ಅಷ್ಟೆ. ಹಾಗಾಗಿ ನಾವು ಕೇಳುವುದು ಎರಡು ಪ್ರಶ್ನೆ: ಓಡಿಸಿ ನೋಡಿದಿರಾ? ಈ ಸಾಲು ಯಾಕೆ ಅಂತ ನಿಮ್ಮ ಮಾತಿನಲ್ಲಿ ಹೇಳ್ತೀರಾ? ಎರಡನೆಯದಕ್ಕೆ ತಡವರಿಸಿದರೆ ಉತ್ತರ ತೆಗೆಯುತ್ತೇವೆ, ಎಐ ಬರೆದಿರಲಿ, ಮನುಷ್ಯನೇ ಬರೆದಿರಲಿ.

ಹಂತ 5: ಚೆನ್ನಾಗಿ ಬಲ್ಲ ಒರಟನನ್ನು ಏನು ಮಾಡುವುದು

ಸ್ಪ್ಯಾಮ್ ಹಾಕುವವನು ಅಪರಿಚಿತ, ಅವನನ್ನು ಹೊರಹಾಕಲು ಮನಸ್ಸು ಗಟ್ಟಿ ಮಾಡಬೇಕಿಲ್ಲ. "ಬಾರಮ್ಮ" ಅಂದ ಆ ಹಿರಿಯ ಹಾಗಲ್ಲ. ರಾತ್ರಿ ಹನ್ನೊಂದಕ್ಕೆ ಡೇಟಾಬೇಸ್ ಪ್ರಶ್ನೆ ಬಿದ್ದರೆ ಉತ್ತರ ಕೊಡುತ್ತಿದ್ದವನು ಅವನೊಬ್ಬನೇ. ನನಗೂ ಕೆಲಸ ಹುಡುಕಿಕೊಳ್ಳಲು ಸಹಾಯ ಮಾಡಿದ್ದವನು. ಹಾಲು ಕೊಡುವ ಹಸು ಒದ್ದರೂ ಸಹಿಸಬೇಕು ಅನ್ನುವ ಲೆಕ್ಕದಲ್ಲಿ ತಿಂಗಳುಗಟ್ಟಲೆ ಕಳೆದೆ. ಆ ತಿಂಗಳುಗಳಲ್ಲಿ ಎಷ್ಟು ಜನ ಒದೆ ತಿಂದು ಹೋದರೋ, ನಾನು ಎಣಿಸಲಿಲ್ಲ.

ಕಾಂಟ್ರಿಬ್ಯೂಟರ್ ಕವೆನೆಂಟ್‌ನಿಂದ ಎತ್ತಿಕೊಳ್ಳಬೇಕಾದ ಭಾಗ ಇಲ್ಲಿದೆ. ಅದರ ಎರಡನೇ ಆವೃತ್ತಿಯಲ್ಲಿ ನಾಲ್ಕು ಮೆಟ್ಟಿಲು ಇವೆ: ಖಾಸಗಿಯಾಗಿ ತಿದ್ದುವುದು, ಎಚ್ಚರಿಕೆ, ಕೆಲವು ಕಾಲ ಹೊರಗಿಡುವುದು, ಕಾಯಂ ಆಗಿ ಹೊರಗಿಡುವುದು. ಮೆಟ್ಟಿಲು ಮೊದಲೇ ಇದ್ದರೆ ನಿಮಗೆ ಮುಖ ನೋಡಿ ಮಣೆ ಹಾಕುವ ಪ್ರಸಂಗ ಬರುವುದಿಲ್ಲ.

ಮೊದಲ ಮೆಟ್ಟಿಲನ್ನು ಗುಂಪಿನ ಎದುರು ಹತ್ತಬೇಡಿ. ಎಲ್ಲರ ಮುಂದೆ ಹೇಳಿದರೆ ಅವನು ಮರ್ಯಾದೆಗಾಗಿ ವಾದಕ್ಕೆ ನಿಲ್ಲುತ್ತಾನೆ, ಉಳಿದವರು ಎರಡು ಪಾರ್ಟಿ ಆಗುತ್ತಾರೆ. ನಾನು ಕೊನೆಗೆ ಕಳಿಸಿದ್ದು ಇದು: "ಅಣ್ಣಾ, ನಿಮ್ಮ ಉತ್ತರಗಳಿಂದ ನಾನೇ ಎಷ್ಟೋ ಕಲಿತಿದ್ದೇನೆ. ಆದರೆ ನಿನ್ನೆಯ ಆ ಸಾಲು ತೆಗೆದಿದ್ದೇನೆ. ಕೇಳಿದವನಿಗೆ ಅದು ಮೊದಲ ವಾರ. ಉತ್ತರ ಕೊಡಲು ಬೇಜಾರಾದರೆ ಬಿಟ್ಟುಬಿಡಿ, ಬೇರೆಯವರು ಕೊಡ್ತಾರೆ. ಹಂಗಿಸೋದು ಮಾತ್ರ ಬೇಡ." ಗಮನಿಸಿ, ಅದರಲ್ಲಿ ಯಾವ ಸಾಲು, ಯಾಕೆ, ಮುಂದೆ ಏನು ಮಾಡಬೇಕು ಅನ್ನುವ ಮೂರೂ ಇವೆ. "ನಿಮ್ಮ ವರ್ತನೆ ಸರಿಯಿಲ್ಲ" ಅಂತ ಒಟ್ಟಾರೆ ಹೇಳಿದರೆ ಜಗಳ ಬಿಟ್ಟು ಬೇರೇನೂ ಹುಟ್ಟುವುದಿಲ್ಲ.

ಎರಡು ವಾರ ಸರಿಯಿದ್ದ. ಮತ್ತೆ ಜಾರಿದ. ಎರಡನೇ ಮೆಟ್ಟಿಲಿಗೆ ಬೇಸರಿಸಿಕೊಂಡು ತಾನೇ ಹೊರಟ. ಅಡ್ಡಿಯಿಲ್ಲ ಎಂದು ಹೇಳಿಕೊಂಡರೂ ನನಗೆ ಒಂದು ವಾರ ನಿದ್ದೆ ಸರಿ ಬರಲಿಲ್ಲ. ಡೇಟಾಬೇಸ್ ಪ್ರಶ್ನೆಗಳಿಗೆ ಕೆಲವು ದಿನ ಉತ್ತರ ಬರಲಿಲ್ಲ. ಆಮೇಲೆ ಇದುವರೆಗೆ ಬಾಯಿ ಬಿಡದಿದ್ದ ಹೊಳೆನರಸೀಪುರದ ಒಬ್ಬರು ಮೇಡಂ ಉತ್ತರಿಸಲು ಶುರು ಮಾಡಿದರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದ್ದಕ್ಕೆ, "ಒಂದು ಸಲ ತಪ್ಪು ಹೇಳಿದ್ರೆ ಅವರು ಬಿಡ್ತಿರ್ಲಿಲ್ಲ ಕಣಪ್ಪ" ಅಂದರು.

ಹಂತ 6: ಬಾಟ್‌ಗೆ ಕನ್ನಡ ಬರುವುದಿಲ್ಲ ಎಂದು ನೆನಪಿಡಿ

ಬೈಗುಳದ ಪಟ್ಟಿ ಕೊಟ್ಟರೆ ಬಾಟ್ (ಸಂದೇಶಗಳನ್ನು ತಾನಾಗೇ ನೋಡುವ ಪ್ರೋಗ್ರಾಂ) ಹಿಡಿಯುತ್ತದೆ ಅನ್ನುವುದು ಇಂಗ್ಲಿಷ್‌ಗೆ ಸುಮಾರಾಗಿ ಸರಿ. ಕನ್ನಡದಲ್ಲಿ ಮೂರು ಗುಂಡಿಗಳಿವೆ, ಮೂರಕ್ಕೂ ನಾವು ಬಿದ್ದಿದ್ದೇವೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೈಗುಳಕ್ಕೆ ನಿಶ್ಚಿತ ಕಾಗುಣಿತ ಇಲ್ಲ. ಒಂದೇ ಮಾತು ನಾಲ್ಕೈದು ರೂಪದಲ್ಲಿ ಬರುತ್ತದೆ. ಎರಡನೆಯದು, ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರದಲ್ಲಿ) ಪದದ ಗಡಿ ಹಿಡಿಯುವ ಗುರುತು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅದಕ್ಕೆ ಕನ್ನಡ ಅಕ್ಷರಗಳು ಅಕ್ಷರಗಳೇ ಅಲ್ಲ. ಪೈಥಾನ್ ವ್ಯಂಜನವನ್ನು ಒಪ್ಪುತ್ತದೆ, ಆದರೆ ಅದಕ್ಕೆ ಸೇರುವ ಕಾಗುಣಿತದ ಚಿಹ್ನೆಯನ್ನು ಅಕ್ಷರ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಪದದ ನಡುವೆಯೇ ಗಡಿ ಬಿದ್ದುಬಿಡುತ್ತದೆ. ಖಾಲಿ ಜಾಗ ಮತ್ತು ವಿರಾಮ ಚಿಹ್ನೆಗಳಿಂದ ನೀವೇ ಪದ ಒಡೆದುಕೊಳ್ಳುವುದು ಕ್ಷೇಮ. ಮೂರನೆಯದು ಕಣ್ಣಿಗೇ ಕಾಣದ್ದು: "ಸಾಫ್ಟ್‌ವೇರ್" ಥರದ ಪದಗಳ ನಡುವೆ ಕೆಲವರ ಕೀಬೋರ್ಡ್ ಒಂದು ಅಗೋಚರ ಜೋಡಣೆ ತಡೆಯುವ ಅಕ್ಷರ ಹಾಕುತ್ತದೆ, ಕೆಲವರದು ಹಾಕುವುದಿಲ್ಲ. "ಕೊ", "ಕೋ"ಗಳನ್ನೂ ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಕೊಡುವ ಸಂಖ್ಯೆಗಳ ಪಟ್ಟಿಯಲ್ಲಿ) ಇಡಿಯಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಬಾಟ್‌ಗೆ ಬೇರೆ ಬೇರೆ. ಹೋಲಿಸುವ ಮುಂಚೆ ಅಗೋಚರ ಅಕ್ಷರ ತೆಗೆದು, ಯೂನಿಕೋಡ್ ನಾರ್ಮಲೈಸ್ ಮಾಡಿ, ಅಂದರೆ ಎರಡೂ ರೂಪವನ್ನು ಒಂದೇ ಮಾಡಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಬಾಟ್‌ಗೆ ಅಳಿಸುವ ಅಧಿಕಾರ ಲಿಂಕ್‌ಗಳ ಮೇಲೆ ಮಾತ್ರ ಕೊಡಿ. ಮಾತಿನ ವಿಷಯದಲ್ಲಿ ಅದು ನಿಮಗೆ ಸುದ್ದಿ ಮುಟ್ಟಿಸಿದರೆ ಸಾಕು. ನಮ್ಮ ಕಡೆ ಗೆಳೆಯರು ಪ್ರೀತಿಯಿಂದ ಮಾತಾಡಿಕೊಂಡರೂ ಅರ್ಧ ಪಟ್ಟಿ ಅದರಲ್ಲೇ ಬರುತ್ತದೆ.

ಹಂತ 7: ಬರೆದಿಡಿ

ನಡೆಸುವವರು ಏನೇನು ಮಾಡಿದರು ಎಂದು ತೋರಿಸುವ ಟೆಲಿಗ್ರಾಂನ ಇತ್ತೀಚಿನ ಕ್ರಮಗಳ ಪಟ್ಟಿಯಲ್ಲಿ 48 ಗಂಟೆ ಹಿಂದಿನವರೆಗಿನದು ಸಿಗುತ್ತದೆ, ಅದಕ್ಕಿಂತ ಹಳೆಯದು ಇಲ್ಲ. "ನನ್ನ ಮೆಸೇಜ್ ಯಾಕೆ ತೆಗೆದ್ರಿ?" ಅಂತ ಜನ ಕೇಳುವುದು ಹೆಚ್ಚಾಗಿ ಮೂರನೇ ದಿನ. ಒಂದು ಶೀಟ್ ಇಡಿ: ದಿನ, ಯಾರು, ಏನು ತೆಗೆದಿರಿ, ಯಾವ ನಿಯಮ, ತೆಗೆದವರು ಯಾರು. ಒಂದು ಸಾಲು ಸಾಕು. ಇದನ್ನು ನಡೆಸುವವರು ಬಿಟ್ಟು ಬೇರೆ ಯಾರಿಗೂ ತೋರಿಸಬೇಡಿ.

ಹಂತ 8: ಅಭಿಪ್ರಾಯ ಕೇಳುವುದು

"ಗುಂಪು ಹೇಗಿದೆ?" ಅಂತ ಗುಂಪಿನಲ್ಲೇ ಕೇಳಿದರೆ "ಸೂಪರ್ ಸರ್" ಬರುತ್ತದೆ. ಹೆಬ್ಬೆರಳೂ ಬರುತ್ತವೆ. ಅದರಿಂದ ಏನೂ ತಿಳಿಯುವುದಿಲ್ಲ. ಹೆಸರು ಕೇಳದ ಒಂದು ಫಾರ್ಮ್ ಮಾಡಿ, ಮೂರೇ ಪ್ರಶ್ನೆ ಇಡಿ. ಕೊನೆಯ ಸಲ ಕೇಳಬೇಕು ಅನಿಸಿಯೂ ಕೇಳದೆ ಬಿಟ್ಟದ್ದು ಯಾವಾಗ? ಯಾಕೆ? ಒಂದು ವಿಷಯ ಬದಲಾಯಿಸುವುದಾದರೆ ಯಾವುದು? ನಮಗೆ ಉಪಯೋಗಕ್ಕೆ ಬಂದದ್ದೆಲ್ಲ ಮೊದಲನೆಯದರಿಂದಲೇ.

ಬಿಟ್ಟುಹೋದವರನ್ನು ಬೇರೆಯಾಗಿ ಕೇಳಿ. ಅವರು ದೂರು ಕೊಡುವುದಿಲ್ಲ, ಸುಮ್ಮನೆ ಹೋಗುತ್ತಾರೆ. ಒಂದು ಸಲ ಕೇಳಿ, ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಎದುರು ಕೂತು ಮಾತಾಡಿದರೆ ಇನ್ನೂ ಒಳ್ಳೆಯದು. ಆಗಾಗ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಸೇರುತ್ತೇವೆ, ಬೇಲೂರು, ಸಕಲೇಶಪುರದವರಿಗೂ ಬಸ್ಸಿಗೆ ಅನುಕೂಲ. (ಹಾಸನಾಂಬ ದರ್ಶನದ ದಿನಗಳಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಒಂದು ಸಲ ಇಟ್ಟು, ಕೂರಲು ಜಾಗ ಸಿಗದೆ ನಿಂತೇ ಕಾಫಿ ಕುಡಿದು ವಾಪಸ್ ಹೋದೆವು.) ಅಲ್ಲಿ ಒಬ್ಬ ಕಾಫಿ ಲೋಟ ತಿರುಗಿಸುತ್ತಾ ಹೇಳಿದ್ದನ್ನು ಯಾವ ಫಾರ್ಮ್‌ನಲ್ಲೂ ಯಾರೂ ಬರೆದಿರಲಿಲ್ಲ: "ನೀವು ನಡೆಸೋರು ನಾಲ್ಕೂ ಜನ ಒಂದೇ ಬ್ಯಾಚು. ನಿಮ್ಮ ತಮಾಷೆ ನಮಗೆ ಅರ್ಥ ಆಗಲ್ಲ."

ಬಂದ ಸಲಹೆಗಳಲ್ಲಿ ಮಾಡುವಂಥದ್ದು, ಮಾಡದ್ದು ಎರಡನ್ನೂ ತಿಂಗಳಿಗೊಮ್ಮೆ ಹಾಕಿ. ಮಾಡದ್ದಕ್ಕೆ ಕಾರಣವನ್ನೂ ಬರೆಯಿರಿ. "ಪರಿಶೀಲಿಸುತ್ತೇವೆ" ಅನ್ನುವ ಪದ ಬಳಸಬೇಡಿ. ಸರ್ಕಾರಿ ಕಚೇರಿಯಲ್ಲಿ ಅದನ್ನು ಕೇಳಿದವರಿಗೆ ಅದರ ಅರ್ಥ ಗೊತ್ತು.

ಹಂತ 9: ದೂರು ನಿಮ್ಮ ಮೇಲೇ ಬಂದರೆ

ಒಂದು ಪ್ರಶ್ನೆಯನ್ನು "ಇದು ಹಿಂದೆ ಬಂದಿದೆ" ಅಂತ ನಾನು ಅಳಿಸಿದೆ. ಕೇಳಿದವರು ಇನ್ನೊಬ್ಬ ನಡೆಸುವವರಿಗೆ ಬರೆದರು: ಹಳೆಯ ಉತ್ತರ ಹಳೆಯ ಆವೃತ್ತಿಗೆ, ಈಗ ಓಡುವುದಿಲ್ಲ. ಸರಿಯಾಗೇ ಇತ್ತು. ನಾನು ಓದದೆ ಅಳಿಸಿದ್ದೆ. ನಮ್ಮ ಪದ್ಧತಿ ಏನೆಂದರೆ, ತೆಗೆದವರೇ ಮೇಲ್ಮನವಿ ನೋಡುವ ಹಾಗಿಲ್ಲ. ಇನ್ನೊಬ್ಬರು ನೋಡಿ ಪ್ರಶ್ನೆಯನ್ನು ಮತ್ತೆ ಹಾಕಿಸಿದರು, ನಾನು ಗುಂಪಿನಲ್ಲೇ ಎರಡು ಸಾಲು ಕ್ಷಮೆ ಕೇಳಿದೆ. ತಪ್ಪು ಎಲ್ಲರೆದುರು ಆಗಿದ್ದರೆ ಕ್ಷಮೆಯೂ ಅಲ್ಲೇ. "ಆದರೆ" ಸೇರಿಸಬೇಡಿ.

ಎಷ್ಟು ದಿನದಲ್ಲಿ ಉತ್ತರ ಅನ್ನುವುದನ್ನೂ ಬರೆದಿಡಿ. 2021ರಲ್ಲಿ ಬಂದ ಐಟಿ ನಿಯಮಗಳು, ದೂರು ತಲುಪಿತು ಎಂದು 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ಬಗೆಹರಿಸಬೇಕು ಎಂದು ವೇದಿಕೆ ನಡೆಸುವ ಕಂಪನಿಗಳಿಗೆ ಹೇಳಿದವು. ನಾವು ಅಂಥ ಕಂಪನಿ ಅಲ್ಲ. ಆದರೂ ಮೊದಲ ಅರ್ಧವನ್ನು ಎತ್ತಿಕೊಂಡೆವು: 24 ಗಂಟೆಯೊಳಗೆ "ನೋಡಿದೆವು", ಮೂರು ದಿನದೊಳಗೆ ತೀರ್ಮಾನ.

ಖಾಸಗಿ ಸಂದೇಶದಲ್ಲಿ ಕಿರುಕುಳ ಎಂಬ ದೂರು ಬಂದರೆ ಮಾತ್ರ ಈ ಸರದಿ ಬೇಡ. ಮೊದಲು ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಲು ಹೇಳಿ. ಏನು ಮಾಡಬೇಕು ಅಂತ ಅವರನ್ನೇ ಕೇಳಿ. ಅವರ ಹೆಸರು ಹೊರಗೆ ಬಾರದಂತೆ ಆ ಖಾತೆಯನ್ನು ಅವತ್ತೇ ತೆಗೆಯಿರಿ. ಪೊಲೀಸರಿಗೆ ಹೋಗುವುದು ಅವರ ತೀರ್ಮಾನ, ಜೊತೆಗೆ ಹೋಗುವುದು ನಿಮ್ಮ ಕೆಲಸ. ನಡೆಸುವವರಲ್ಲಿ ಒಬ್ಬರಾದರೂ ಹೆಣ್ಣುಮಕ್ಕಳು ಇರಬೇಕು ಅನ್ನುವುದು ಇದಕ್ಕೇ. ಸದಸ್ಯ ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ವಾಟ್ಸ್ಯಾಪ್ ಗುಂಪಿನ ಪ್ರಕರಣವೊಂದರಲ್ಲಿ ಹೇಳಿದೆ. ಅದು ಹೆದರಿಕೆ ಕಳೆಯಲು ಸರಿ, ಕಂಡೂ ಕಾಣದ ಹಾಗೆ ಇರಲು ಅಲ್ಲ.

ಹಂತ 10: ಪಾಳಿ ಹಾಕಿಕೊಳ್ಳಿ

ಒಬ್ಬರೇ ನೋಡಿಕೊಂಡರೆ ಆರು ತಿಂಗಳಲ್ಲಿ ಎಲ್ಲರ ಮೇಲೂ ರೇಗುತ್ತೀರಿ. ನಮ್ಮಲ್ಲಿ ವಾರಕ್ಕೊಬ್ಬರು. ಪಾಳಿ ಇಲ್ಲದವರು ಮಧ್ಯೆ ಕೈ ಹಾಕುವ ಹಾಗಿಲ್ಲ. ಸೆಮಿಸ್ಟರ್ ಪರೀಕ್ಷೆಯ ಹಿಂದಿನ ವಾರ ಪ್ರಶ್ನೆಗಳ ಸುರಿಮಳೆ, ಆಗ ಇಬ್ಬರು. ಡಿಸೆಂಬರ್, ಜನವರಿಯಲ್ಲಿ ಮೂಡಿಗೆರೆಯವನಿಗೆ ಪಾಳಿ ಹಾಕುವುದಿಲ್ಲ, ಮನೆಯಲ್ಲಿ ಕಾಫಿ ಕೊಯ್ಲು. ಜುಲೈ ಬಂತೆಂದರೆ ಸಕಲೇಶಪುರದವಳ ಪಾಳಿಗೆ ಬೆಂಗಳೂರಿನಲ್ಲಿರುವ ಒಬ್ಬರನ್ನು ಜೊತೆಗೆ ಹಾಕುತ್ತೇವೆ. ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರೂ ಹೋಗುತ್ತದೆ. ಸಿಗ್ನಲ್ ಹೋಗುವ ಮುಂಚೆ ಅವಳು ಒಂದು ಚುಕ್ಕೆ ಕಳಿಸುತ್ತಾಳೆ, ಬೆಂಗಳೂರಿನವರು ನೋಡಿಕೊಳ್ಳುತ್ತಾರೆ.